ಗದ್ದಲದೊಳಗೆ ಒಂದು ಕೈ

ನಾಸಿಕದಿಂದ ಟ್ರಂಕ್ ಕಾಲ್ ಬಂದಾಗ ನಾನು ಔರಂಗಾಬಾದಿನ ನಮ್ಮ ಕಾಲೇಜಿನಲ್ಲಿ ಎರಡನೇ ವರ್ಷದ ಹುಡುಗರಿಗೆ ಗಣಿತದ ಪಾಠ ಮಾಡುತ್ತಿದ್ದೆ. ಜವಾನ ಬಂದು ಪ್ರಿನ್ಸಿಪಾಲರು ಕರೆಯುತ್ತಾರೆ ಎಂದ. ಪಾಠದ ನಡುವೆ ಯಾರಾದರೂ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಮೇಲೆ ಬರುತ್ತೇನೆಂದು ಹೇಳು ಎಂದು ಗದರಿದೆ. ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಅವನ ಮುಖ ನೋಡಿ ಸೀಮೆಸುಣ್ಣ ಕೆಳಗಿಟ್ಟೆ.

ಫೋನಿನಲ್ಲಿದ್ದವರು ನಾರಾಯಣಸ್ವಾಮಿ. ಮೈಸೂರು ಕಡೆಯವರು, ಓಝರಿನ ವಿಮಾನ ಕಾರ್ಖಾನೆಯ ಕೆಲಸ ಬಿಟ್ಟು ಬಂದು ನಾಸಿಕದಲ್ಲಿ ಗೋದಾ ರೇಡಿಯೋ ವರ್ಕ್ಸ್ ಎಂಬ ಸಣ್ಣ ಕಂಪನಿ ಕಟ್ಟಿದ್ದರು. ನನ್ನ ಗಂಡ ಚಿದಂಬರ ಆ ಕಂಪನಿಯಲ್ಲಿ ವೈರ್‌ಲೆಸ್ ಇಂಜಿನಿಯರ್.

"ಊರ್ಮಿಳಾ ಅವರೇ, ಜೀಪು ಇನ್ನೂ ನಾಸಿಕಕ್ಕೆ ವಾಪಸ್ ಬಂದಿಲ್ಲ. ರಾತ್ರಿ ಬರಬೇಕಿತ್ತು. ಘೋಟಿ ಹತ್ರ ಗುಡ್ಡ ಕುಸಿದಿದೆಯಂತೆ."

"ಅವ್ರು ಅಲ್ಲೇ ಇದ್ರು ಅಂತ ಯಾರು ಹೇಳಿದ್ರು ನಿಮಗ?" ಎಂದೆ. ಗಾಬರಿಯಾದಾಗ ನನಗೆ ಮೊದಲು ಬರುವುದು ಜಗಳ.

"ಯಾರೂ ಹೇಳಿಲ್ಲ. ಅದನ್ನೇ ನಿಮ್ಮಿಂದ ತಿಳ್ಕೋಬೇಕು."

ಅದು ಅರವತ್ತೊಂಬತ್ತರ ಮಳೆಗಾಲ. ಅರಣ್ಯ ಇಲಾಖೆಯವರಿಗಾಗಿ ಬೆಟ್ಟದ ಮೇಲೆ ಹೊತ್ತೊಯ್ಯಬಹುದಾದ ಒಂದು ವೈರ್‌ಲೆಸ್ ಸೆಟ್ಟನ್ನು ಕಂಪನಿ ಮಾಡಿತ್ತು. ಅದನ್ನು ಪರೀಕ್ಷಿಸಲು ಚಿದಂಬರ, ಜೊತೆಗೆ ಡ್ರೈವರ್ ವೈಜನಾಥ, ಇಬ್ಬರೂ ಔರಂಗಾಬಾದಿನಿಂದ ಜೀಪಿನಲ್ಲಿ ಹೊರಟಿದ್ದರು. ಮೊದಲು ಘೋಟಿಯ ಗುಡ್ಡದಿಂದ, ಆಮೇಲೆ ದಿಂಡೋರಿಯಾಚೆಯ ಗುಡ್ಡದಿಂದ ಸಂಕೇತ ಕಳಿಸಬೇಕು. ನಮ್ಮ ಕಾಲೇಜಿನ ರಿಸೀವರ್ ದೊಡ್ಡದು, ಏರಿಯಲ್ ಎತ್ತರದ್ದು. ಆದ್ದರಿಂದ ಇಲ್ಲಿ ಕೇಳಿಸಿಕೊಳ್ಳುವ ಕೆಲಸ ನನ್ನದು. ಎರಡು ಗುಡ್ಡ ಬೇರೆ ಬೇರೆ ಗೊತ್ತಾಗಲೆಂದು ಸೆಟ್ಟಿಗೆ ಎರಡು ಸ್ಫಟಿಕ ಕೊಟ್ಟಿದ್ದರು. ಸ್ಫಟಿಕ ಬದಲಿಸಿದರೆ ಅಲೆಯ ಜಾಗವೇ ಬದಲಾಗುತ್ತದೆ, ರೇಡಿಯೋದಲ್ಲಿ ಸ್ಟೇಷನ್ ಬದಲಾದ ಹಾಗೆ. ಘೋಟಿಯಲ್ಲಿ ಒಂದು, ದಿಂಡೋರಿಯಾಚೆ ಇನ್ನೊಂದು.

ಘೋಟಿಯಿಂದ ಅವರ ಸಂಕೇತ ಹಿಂದಿನ ದಿನವೇ ಚೊಕ್ಕವಾಗಿ ಬಂದಿತ್ತು. ಆಮೇಲೆ ಏನೂ ಇಲ್ಲ. ಎರಡನೇ ಸ್ಫಟಿಕದ ಜಾಗದಲ್ಲಿ ಬರೀ ಗುಡುಗು ಸಿಡಿಲಿನ ಚರಪರ. ಜೀಪನ್ನು ಕೊನೆಗೆ ಕಂಡವನು ಘೋಟಿಯ ಚಹಾದಂಗಡಿಯವನು. ಹಾಗಾಗಿ ಪೊಲೀಸರೂ ಊರವರೂ ಗುದ್ದಲಿ ಹಿಡಿದು ಘೋಟಿಯಲ್ಲೇ ಮಣ್ಣು ತೋಡುತ್ತಿದ್ದರು.

"ತ್ರ್ಯಂಬಕದ ಒಳದಾರಿ ಹಿಡಿದು ದಿಂಡೋರಿ ಕಡೆ ಹೋಗಿದ್ರೆ ಯಾರೂ ನೋಡಿರಲ್ಲ," ಎಂದರು ನಾರಾಯಣಸ್ವಾಮಿ. "ಆದರೆ ಇರೋದು ಒಂದೇ ತಂಡ. ದಿಂಡೋರಿಯಾಚೆ ಹೊಳೆ ಏರ್ತಾ ಇದೆ, ಸಂಜೆ ಹೊತ್ತಿಗೆ ಸೇತುವೆ ಮುಳುಗುತ್ತೆ ಅಂತಾರೆ. ತಂಡನ ಅಲ್ಲಿಗೆ ಕಳಿಸಬೇಕಾದ್ರೆ ನನಗೆ ಏನಾದರೂ ಆಧಾರ ಬೇಕು. ಇಲ್ಲಿ ಮಣ್ಣಿನಡಿ ಇದ್ದವರನ್ನ ಬಿಟ್ಟು ಹೋದ ಹಾಗೆ ಆಗಬಾರದು. ಎರಡನೇ ಸ್ಫಟಿಕದಲ್ಲಿ ಏನಾದ್ರೂ ಇದೆಯಾ?"

"ನೋಡಿ ಹೇಳ್ತೀನಿ."

"ಇದ್ದದ್ದನ್ನ ಹೇಳಿ. ಇರಲಿ ಅನ್ಸಿದ್ದನ್ನ ಅಲ್ಲ."

ಆ ಮಾತಿಗೆ ನನಗೆ ರೇಗಿತು. ಫೋನ್ ಕುಕ್ಕಿ ಲ್ಯಾಬಿಗೆ ನಡೆದೆ. ರೇಗಿದ್ದು ಅವರು ಹೇಳಿದ್ದು ಸರಿಯಾಗಿದ್ದರಿಂದ.

ಭೌತಶಾಸ್ತ್ರದ ಲ್ಯಾಬಿನಲ್ಲಿ ಕಸ್ತೂರಿಬಾಯಿ ಆಗಲೇ ರಿಸೀವರ್ ಹಚ್ಚಿ ಕೂತಿದ್ದಳು. ನನ್ನ ಜೊತೆಯ ಅಧ್ಯಾಪಕಿ, ಮರಾಠಿಯವಳು, ಮಾತು ಕಡಿಮೆ. ರಿಸೀವರಿನಿಂದ ಬಂದದ್ದನ್ನು ಒಂದು ಪೆನ್ನು ಉರುಳುವ ಕಾಗದದ ಮೇಲೆ ಗೀಚುತ್ತ ಹೋಗುತ್ತದೆ. ಆ ಕಡೆ ಯಾರಾದರೂ ಕೀ, ಅಂದರೆ ಸಂಕೇತದ ಗುಂಡಿ, ಒತ್ತಿದರೆ ಗೆರೆ ಸ್ವಲ್ಪ ಮೇಲೇಳಬೇಕು. ಗೆರೆಯೇನೋ ಏಳುತ್ತಿತ್ತು, ಬೀಳುತ್ತಿತ್ತು, ಹುಚ್ಚು ಹಿಡಿದಂತೆ ನಡುಗುತ್ತಿತ್ತು. ಅದರಲ್ಲಿ ಸಿಡಿಲಿನದೆಷ್ಟು, ಮನುಷ್ಯನದೆಷ್ಟು?

ಈ ಗದ್ದಲವೇ ನನ್ನ ಓದಿನ ವಿಷಯ. ಬಿಸಿಯಿರುವ ಯಾವ ವಸ್ತುವೂ ಸುಮ್ಮನಿರುವುದಿಲ್ಲ. ತಂತಿಯೊಳಗಿನ ಕಣಗಳು ಚಡಪಡಿಸುತ್ತವೆ, ಆ ಚಡಪಡಿಕೆಯೇ ರಿಸೀವರಿನಲ್ಲಿ ಗುಸುಗುಸು ಆಗುತ್ತದೆ. ಅದಕ್ಕೊಂದು ಸಮೀಕರಣ ಕಟ್ಟಿ ಡಾಕ್ಟರೇಟ್ ಮಾಡಿದವಳು ನಾನು. "ನೀನೂ ಬಿಸಿ ತಂತಿನ ಊರ್ಮಿ, ಸುಮ್ಮನ ಕೂಡೂದು ನಿನ್ನ ಹಣ್ಯಾಗ ಬರೆದಿಲ್ಲ," ಎಂದು ಚಿದಂಬರ ಕಾಡಿಸುತ್ತಿದ್ದರು. ನಾವಿಬ್ಬರೂ ಕಲಬುರಗಿಯವರು. ಅವರು ಎಷ್ಟೇ ಕಾಡಿಸಿದರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಉಳಿದವರಿಗೆಲ್ಲ ಅದು ಆಶ್ಚರ್ಯ.

ಗದ್ದಲದೊಳಗಿಂದ ಸಂಕೇತ ಹೆಕ್ಕುವ ಉಪಾಯ ಹೇಳಿದರೆ ಸುಲಭ. ಮದುವೆಮನೆಯ ಗಲಾಟೆಯಲ್ಲಿ ಯಾರೋ ನಿಮ್ಮನ್ನು ಕರೆಯುತ್ತಿದ್ದಾರೆ ಅನ್ನಿ. ಒಂದು ಸಲ ಕರೆದರೆ ಕೇಳಿಸದು. ಒಂದೇ ಧಾಟಿಯಲ್ಲಿ ಮತ್ತೆ ಮತ್ತೆ ಕರೆಯುತ್ತಿದ್ದರೆ, ಆ ಕರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಕೂಡಿಸಿದರೆ, ಕರೆ ಬೆಳೆಯುತ್ತ ಹೋಗುತ್ತದೆ. ಗಲಾಟೆಗೆ ಧಾಟಿಯಿಲ್ಲ, ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿದು ಅಲ್ಲಲ್ಲೇ ತೀರಿಹೋಗುತ್ತದೆ. ಆದರೆ ಒಂದು ಷರತ್ತಿದೆ. ಕರೆಯುವವನ ಧಾಟಿ ಯಾವುದೆಂದು ಮೊದಲೇ ನಿಮಗೆ ಗೊತ್ತಿರಬೇಕು. ಆ ಧಾಟಿಯ ಅಚ್ಚು ಮಾಡಿಕೊಂಡು, ಗೆರೆಯ ಉದ್ದಕ್ಕೂ ಅದನ್ನು ಸರಿಸುತ್ತ, ಎಲ್ಲಿ ಕೂಡುತ್ತದೆ ಎಂದು ನೋಡಬೇಕು.

ಚಿದಂಬರರ ಧಾಟಿ ನನಗೆ ಗೊತ್ತಿಲ್ಲದೆ ಏನು? ವೈರ್‌ಲೆಸ್ಸಿನವರೆಲ್ಲ ಪರೀಕ್ಷೆಗೆ ಕಳಿಸುವುದು ಒಂದೇ, ಮೂರು ಸಣ್ಣ ಒತ್ತು, ಒಂದು ಉದ್ದ. ಆದರೆ ಒಬ್ಬೊಬ್ಬರ ಒತ್ತು ಒಂದೊಂದು ಥರ. ಅದಕ್ಕೆ ಅವರು 'ಕೈ' ಅನ್ನುತ್ತಾರೆ. ಚಿದಂಬರರ ಕೈಯಲ್ಲಿ ಮೂರನೇ ಸಣ್ಣ ಒತ್ತು ತುಸು ಅವಸರ, ಆ ಉದ್ದ ಒತ್ತು ತುಸು ಸೋಮಾರಿ. ಊಟದ ತಟ್ಟೆಯ ಮೇಲೆ ಬೆರಳಿನಿಂದ ಅವರು ಹಾಗೆ ಬಾರಿಸುವುದನ್ನು ಎಷ್ಟು ಸಲ ಕೇಳಿದ್ದೇನೋ. ಘೋಟಿಯಿಂದ ಬಂದ ಕಾಗದದಲ್ಲಿ ಅದು ಇದ್ದ ಹಾಗೇ ಮೂಡಿತ್ತು.

ಅದನ್ನೇ ಅಚ್ಚು ಮಾಡಿಕೊಂಡೆ. ನಾನು ಕಾಗದದ ಮೇಲೆ ಗೆರೆಯ ಎತ್ತರ ಅಳೆದು ಹೇಳುವುದು, ಕಸ್ತೂರಿ ಲೆಕ್ಕದ ಯಂತ್ರದ ಹಿಡಿ ತಿರುಗಿಸುವುದು. ಹೊರಗೆ ಮಳೆ. ವರಾಂಡದ ಬೆಂಚಿನ ಮೇಲೆ ವೈಜನಾಥನ ಹೆಂಡತಿ ಮಲ್ಲಮ್ಮ ಸುದ್ದಿ ತಿಳಿದು ಬೆಳಿಗ್ಗೆಯೇ ಬಂದು ಸೆರಗು ಹೊದ್ದು ಕೂತಿದ್ದಳು. ಬೀದರ್ ಕಡೆಯ ಹಳ್ಳಿಯವಳು, ಇಲ್ಲಿಯ ರೈಲ್ವೆ ಸ್ಟೇಷನ್ ಹಿಂದಿನ ಓಣಿಯಲ್ಲಿ ಅವರ ಮನೆ. ಒಳಗೆ ಬಾ ಎಂದರೆ ಬರಲಿಲ್ಲ. ಏನಾದರೂ ತಿನ್ನು ಎಂದರೆ ತಿನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊತ್ತ ಏಳತೊಡಗಿತು. ಮೂರು ಸಣ್ಣ ಉಬ್ಬು, ಒಂದು ಉದ್ದ ದಿಬ್ಬ. ಮೂರನೆಯದು ಅವಸರದ್ದು. ಅವರೇ! "ಕಸ್ತೂರಿ, ನಾಸಿಕಕ್ಕೆ ಕಾಲ್ ಬುಕ್ ಮಾಡು," ಎಂದು ಕೂಗಿಬಿಟ್ಟೆ.

ಕಸ್ತೂರಿ ಏಳಲಿಲ್ಲ. "ಬಾಯಿ, ಹುಡುಗರಿಗೆ ನೀವು ಏನು ಹೇಳಿಕೊಡುತ್ತೀರಿ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು.

ನಾನು ಹೇಳಿಕೊಡುವುದು ಇಷ್ಟೇ. ಬೇಕು ಅನ್ನಿಸಿದ್ದನ್ನು ಹುಡುಕುವವನಿಗೆ ಅದು ಎಲ್ಲ ಕಡೆ ಕಾಣುತ್ತದೆ. ಆದ್ದರಿಂದ ಮೊದಲು ನಿನ್ನನ್ನೇ ಪರೀಕ್ಷಿಸಿಕೋ. ಇಲ್ಲದ್ದನ್ನು ಇದೆ ಎನ್ನುವುದು ಒಂದು ತಪ್ಪು, ಇದ್ದದ್ದನ್ನು ಇಲ್ಲ ಎನ್ನುವುದು ಇನ್ನೊಂದು. ಒಂದನ್ನು ಕಡಿಮೆ ಮಾಡಹೋದರೆ ಇನ್ನೊಂದು ಹೆಚ್ಚುತ್ತದೆ. ಬೋರ್ಡಿನ ಮೇಲೆ ಬರೆಯುವಾಗ ಅವೆರಡೂ ಬರೀ ಅಕ್ಷರ. ಇಲ್ಲಿ ಎರಡರ ತುದಿಯಲ್ಲೂ ಇಬ್ಬರು ಮನುಷ್ಯರಿದ್ದರು.

"ಪರೀಕ್ಷೆ ಮಾಡು," ಎಂದು ಬೆನ್ನು ತಿರುಗಿಸಿ ನಿಂತೆ. ಕಸ್ತೂರಿ ಇವತ್ತಿನ ಕಾಗದದ ಜೊತೆ ಹಳೆಯ ಕೆಲವು ಕಾಗದಗಳನ್ನು ಬೆರೆಸಿ, ತಾರೀಖು ಕತ್ತರಿಸಿ, ಹಿಂಬದಿಗೆ ಗುರುತು ಹಾಕಿ, ಮೇಜಿನ ಮೇಲೆ ಹರಡಿದಳು. ಹಳೆಯವು ಹಿಂದಿನ ವಾರದವು, ಬರೀ ಗದ್ದಲ. ನಾನು ಪ್ರತಿಯೊಂದರ ಮೇಲೂ ಅಚ್ಚು ಸರಿಸಿದೆ, ಅಳೆದೆ, ಕೂಡಿದೆ. ಒಂದರಲ್ಲಿ ಅವರ ಕೈ ಎದ್ದು ಬಂತು. ಅನುಮಾನವೇ ಇಲ್ಲ. ಬೆರಳಿಟ್ಟು ತೋರಿಸಿದೆ.

ಕಸ್ತೂರಿ ಕಾಗದ ತಿರುಗಿಸಿ ಹಿಂಬದಿಯ ಗುರುತು ನೋಡಿದಳು. ಅವಳ ಮುಖ ಇಳಿಯಿತು. "ಇದು ಹೋದ ಮಂಗಳವಾರದ್ದು, ಬಾಯಿ."

ಹೋದ ಮಂಗಳವಾರ ಚಿದಂಬರ ರಜೆ ಹಾಕಿ ಮನೆಯಲ್ಲೇ ಕೂತು, ಮಂಡಕ್ಕಿಯ ಒಗ್ಗರಣೆ ಸೂಸ್ಲ ಮಾಡಿಸಿಕೊಂಡು ತಿಂದಿದ್ದರು. ಯಾವ ಬೆಟ್ಟದಿಂದಲೂ ಯಾರೂ ಏನನ್ನೂ ಕಳಿಸಿರಲಿಲ್ಲ. ಸಿಡಿಲಿನ ಚರಪರದಲ್ಲಿ ನಾನು ನನ್ನ ಗಂಡನನ್ನು ಕಂಡಿದ್ದೆ.

ಸ್ಟೂಲಿನ ಮೇಲೆ ಕುಸಿದೆ. ಅಳು ಬರಲಿಲ್ಲ, ನಾಚಿಕೆ ಬಂತು. ಅಷ್ಟರಲ್ಲಿ ನಾರಾಯಣಸ್ವಾಮಿಯ ಕಾಲ್ ಬಂದೇ ಬಂತು. ಹೊಳೆಯ ನೀರು ಸೇತುವೆಯ ಕಮಾನು ಮುಟ್ಟಿದೆ ಎಂದರು. "ಏನಾದ್ರೂ ಇದೆಯಾ?"

"ಇಲ್ಲ," ಎಂದೆ. ಆ ಪದವನ್ನು ಬಾಯಿಂದ ಹೊರಡಿಸುವಾಗ ನನಗಾದ ಕಷ್ಟ ಯಾರಿಗೂ ಬೇಡ. "ಇನ್ನೂ ನೋಡ್ತಿದೀನಿ ಸಾರ್. ಇನ್ನೊಂದು ಸಲ ಫೋನ್ ಮಾಡ್ತೀನಿ, ಅಲ್ಲೀವರೆಗೂ ತಡೀರಿ."

ವಾಪಸ್ ಬರುವಾಗ ವರಾಂಡದಲ್ಲಿ ಮಲ್ಲಮ್ಮ ಎದ್ದು ನಿಂತಳು.

"ಅಕ್ಕೋರ, ಒಂದ್ ಮಾತು ಕೇಳ್ಲೇನ್ರಿ? ಬೈಬ್ಯಾಡ್ರಿ."

"ಕೇಳು."

"ನಮ್ಮನಿಯವ್ರಿಗಿ ಗಾಬರಿ ಆದ್ರ ಕೈ ಸುಮ್ಮನಿರಂಗಿಲ್ರಿ. ಶಿವನಾಮ ತಟ್ಟತಿರ್ತಾರ. ಗಾಡಿ ಸ್ಟೇರಿಂಗ್ ಮ್ಯಾಲ, ಕಟ್ಟಿ ಮ್ಯಾಲ, ಕೈಯಾಗ ಏನ್ ಸಿಕ್ತದ ಅದರ ಮ್ಯಾಲ. ಓಂ ನಮಃ ಶಿವಾಯ, ಓಂ ನಮಃ ಶಿವಾಯ. ಅವ್ರು ಆ ಗುಂಡಿ ಮ್ಯಾಲ ತಟ್ಟಿದ್ರ ನಿಮ್ಮ ಮಶಿನ್‌ನ್ಯಾಗ ಬರ್ತದೇನ್ರಿ?"

ನನ್ನ ಸಿಟ್ಟಿಗೆ ಒಂದು ಜಾಗ ಬೇಕಿತ್ತು, ಪಾಪ, ಅವಳು ಸಿಕ್ಕಳು. "ಹುಚ್ಚಿ ಏನ ನೀನು? ಸಾಹೇಬ್ರು ಯಾರಿಗೂ ಕೀ ಮುಟ್ಟಾಕ ಕೊಡಂಗಿಲ್ಲ. ನಾರಾಯಣಸ್ವಾಮಿಗೂ ಕೊಡಂಗಿಲ್ಲ. ಅವ್ರ ಕೈಯಾಗ ಶಕ್ತಿ ಇರೂತನಾ ಅದನ್ನ ಬ್ಯಾರೆಯವ್ರು ಮುಟ್ಟೂ ಮಾತೇ ಇಲ್ಲ!"

ಮಲ್ಲಮ್ಮ ತಲೆ ತಗ್ಗಿಸಿದಳು. ನಾನು ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟೆ. ನಾನೇ ಆಡಿದ ಮಾತು ಆಗ ನನ್ನ ಕಿವಿಗೆ ಬಿತ್ತು.

ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದದ್ದು ಒಂದು ಸಂಕೇತವನ್ನಲ್ಲ. ನನ್ನ ಗಂಡನನ್ನು. ಅವರ ಕೈ ಬಿಟ್ಟು ಇನ್ನೊಂದು ಅಚ್ಚು ಸಾಧ್ಯ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಗೊಡಲಿಲ್ಲ ಎಂದರೂ ಸರಿ. ವೈಜನಾಥನ ಧಾಟಿಯನ್ನು ಹುಡುಕುವುದೆಂದರೆ ಕೀ ಮೇಲಿಂದ ಚಿದಂಬರರ ಕೈಯನ್ನು ನಾನೇ ತೆಗೆದ ಹಾಗೆ. ಅದು ಸಿಗದಿದ್ದರೆ ಘೋಟಿಯ ಮಣ್ಣು. ಸಿಕ್ಕರೆ, ಕೀ ಒತ್ತಲಾರದ ಸ್ಥಿತಿಯಲ್ಲಿ ಅವರಿದ್ದಾರೆ ಎಂದರ್ಥ, ಅಥವಾ ಇಲ್ಲವೇ ಇಲ್ಲ. ಇಂಥ ಲೆಕ್ಕ ಮಾಡು ಎಂದು ಯಾವ ವೈರಿಗೂ ಹೇಳಬಾರದು.

ಒಂದು ಕ್ಷಣ ಅನ್ನಿಸಿತು, ಇನ್ನೊಮ್ಮೆ ಅವರ ಕೈಯನ್ನೇ ಹುಡುಕೋಣ, ಅಚ್ಚನ್ನು ಸ್ವಲ್ಪ ಹಿಗ್ಗಿಸಿ ನೋಡೋಣ, ಸುಸ್ತಾಗಿ ನಿಧಾನ ಒತ್ತುತ್ತಿರಬಹುದು. ಹಾಗೆ ಹಿಗ್ಗಿಸುತ್ತ ಹೋದರೆ ಸಿಕ್ಕೇ ಸಿಗುತ್ತಿದ್ದರು. ಮಂಗಳವಾರದ ಕಾಗದದಲ್ಲೂ ಸಿಕ್ಕಿದ್ದರಲ್ಲ. ಅತ್ತ ಹೊಳೆ ಏರುತ್ತಿತ್ತು. ಅವರ ಅಚ್ಚಿನ ಕಾಗದವನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ.

"ಮಲ್ಲಮ್ಮ, ಒಳಗ ಬಾ. ಈ ಮೇಜಿನ ಮ್ಯಾಲ ತಟ್ಟು. ನಿನ್ನ ಗಂಡ ಹೆಂಗ ತಟ್ಟತಾನೋ ಹಂಗ. ನಾ ಸಾಕು ಅನ್ನೂತನಾ ನಿಲ್ಲಸಬ್ಯಾಡ."

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ತಟ್ಟಿದಳು. 'ಓಂ' ಉದ್ದಕ್ಕೆ ಎಳೆದದ್ದು. 'ನ' ಗಿಡ್ಡ. 'ಮಃ' ಕೊಂಚ ಉದ್ದ. 'ಶಿ' ಗಿಡ್ಡ. 'ವಾ' ಮತ್ತೆ ಎಳೆದದ್ದು. 'ಯ' ಗಿಡ್ಡ. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಅಜ್ಜನ ಕಾಲದಿಂದ ಅವರ ಮನೆಯಲ್ಲಿ ಲಿಂಗಪೂಜೆಗೆ ಕೂತಾಗ ಹೀಗೇ ಹೇಳುತ್ತಾರಂತೆ. ಎಷ್ಟು ಸಲ ತಟ್ಟಿದರೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಸ್ಟಾಪ್‌ವಾಚ್ ಹಿಡಿದಿದ್ದ ಕಸ್ತೂರಿ ಕಣ್ಣರಳಿಸಿ ನೋಡುತ್ತಿದ್ದಳು.

ಅಚ್ಚು ಸಿದ್ಧವಾಯಿತು. ಈ ಸಲ ಮೊದಲೇ ಹೇಳಿದೆ, "ಕಸ್ತೂರಿ, ಕಾಗದ ಬೆರೆಸಿಯೇ ಕೊಡು. ಯಾವುದು ಇವತ್ತಿನದು ಅಂತ ನನಗೆ ಗೊತ್ತಾಗಬಾರದು."

ಮೊದಲ ಕಾಗದ, ಏನೂ ಇಲ್ಲ. ಎರಡನೆಯದು, ಗೆರೆ ಏಳುವಷ್ಟರಲ್ಲಿ ಮಲಗಿತು. ಅದರ ನಂತರದ್ದರಲ್ಲೂ ಇಲ್ಲ. ಯಂತ್ರದ ಹಿಡಿಯ ಕರಕರ ಬಿಟ್ಟರೆ ಲ್ಯಾಬಿನಲ್ಲಿ ಸದ್ದಿಲ್ಲ. ಮಲ್ಲಮ್ಮ ಗೋಡೆಗೆ ಆತು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಿನ ಕಾಗದದಲ್ಲಿ ಮೊತ್ತ ಏರಿತು. ಇನ್ನಷ್ಟು ಕೂಡಿದೆ, ಇನ್ನೂ ಏರಿತು. ಹುಸಿ ಏರಿಕೆಯಾದರೆ ಕೂಡುತ್ತ ಹೋದ ಹಾಗೆ ಸೋರಿಹೋಗಬೇಕು, ಇದು ಸೋರಲಿಲ್ಲ. ಉದ್ದ ಗಿಡ್ಡ, ಉದ್ದ ಗಿಡ್ಡ, ಉದ್ದ ಗಿಡ್ಡ, ಒಂದು ಉಸಿರು. ಗದ್ದಲದಿಂದ ಅದು ನೆಟ್ಟಗೆ ಎದ್ದು ನಿಂತಿತು.

"ಇದು," ಎಂದೆ.

ಕಸ್ತೂರಿ ತಿರುಗಿಸಿ ನೋಡಿದಳು. "ಇವತ್ತಿನದು. ಬೆಳಗ್ಗೆದು."

ಮತ್ತೊಮ್ಮೆ ಬೆರೆಸು ಎಂದೆ. ಮತ್ತೊಮ್ಮೆಯೂ ಇವತ್ತಿನದೇ. ಮೂರನೇ ಸಲ ಬೆರೆಸಿ ಕೊಟ್ಟಾಗ, ದೇವರೇ ತಪ್ಪಲಿ ಎಂದು ಬೇಡಿಕೊಂಡೆ. ಲೆಕ್ಕ ಸರಿಬರಲಿ ಎಂದು ಬೇಡಿಕೊಂಡೇ ಬದುಕಿದವಳು ನಾನು, ತಪ್ಪಲಿ ಎಂದು ಬೇಡಿದ್ದು ಅದೊಂದೇ ಸಲ. ತಪ್ಪಲಿಲ್ಲ.

ನಾಸಿಕಕ್ಕೆ ಲೈನ್ ಸಿಕ್ಕಿತು. "ದಿಂಡೋರಿ ಕಡೆ ಕಳಸ್ರಿ ಸಾರ್. ಎರಡನೇ ಸ್ಫಟಿಕ. ಖಚಿತ. ಈಗಲೇ ಹೊರಡಸ್ರಿ."

"ಚಿದಂಬರನ ಕೈಯಾ?"

"ಅಲ್ಲ. ವೈಜನಾಥಂದು."

ಚಿದಂಬರ ಯಾರಿಗೂ ಕೀ ಕೊಡುವವರಲ್ಲ ಎಂದು ಅವರಿಗೂ ಗೊತ್ತಿತ್ತು. "ಊರ್ಮಿಳಾ ಅವರೇ..." ಎಂದರು, ದನಿ ಬೇರೆಯಾಗಿತ್ತು.

"ನನ್ನ ಸಮಾಧಾನ ಆಮೇಲೆ ಮಾಡೀರಂತ. ಸೇತುವೆ ಮುಳುಗ್ತದ. ಮೊದಲ ಫೋನ್ ಇಡ್ರಿ!" ಎಂದು ಕಿರುಚಿದೆ.

ತಿರುಗಿ ನೋಡಿದರೆ ಮಲ್ಲಮ್ಮ. ಗಂಡ ಬದುಕಿದ್ದಾನೆಂದು ತಿಳಿದು ಅವಳು ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನ ಕಾಲು ಹಿಡಿಯಲು ಬಂದವಳು ಅರ್ಧದಲ್ಲೇ ನಿಂತಳು. "ಅಕ್ಕೋರ, ಮತ್ತ ಸಾಹೇಬ್ರು?" ಎಂದಳು. ಲೆಕ್ಕದಲ್ಲಿ ಅದು ಬರೋದಿಲ್ಲ ಮಲ್ಲಮ್ಮ ಎಂದೆ. ಅವಳಿಗೆ ತಿಳಿಯಿತು. ನನ್ನನ್ನು ತಬ್ಬಿಕೊಂಡಳು. ಅವಳ ಮೈ ಮಳೆಗೆ ನೆನೆದು ತಣ್ಣಗಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.

ತಂಡ ಸೇತುವೆ ದಾಟಿದ ಮೇಲೆ ಹೊಳೆ ಸೇತುವೆಯ ಮೇಲೆ ಹರಿಯಿತಂತೆ. ಗುಡ್ಡದ ಬದಿಯಲ್ಲಿ ಜೀಪು ಮಗುಚಿ ಬಿದ್ದಿತ್ತು, ಮೇಲೆ ಕಲ್ಲುಮಣ್ಣು. ವೈಜನಾಥನಿಗೆ ಕಾಲು ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಚಿದಂಬರರನ್ನು ನಾಸಿಕಕ್ಕೆ ತಂದಾಗ ಬಿಳಿ ಬಟ್ಟೆ ಹೊದಿಸಿದ್ದರು.

ಎಲ್ಲ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ವೈಜನಾಥನ ಮಂಚದ ಪಕ್ಕ ಕೂತೆ. ಅವನು ಗೋಡೆ ಕಡೆ ಮುಖ ಮಾಡಿದ್ದ. ಅವನ ಮೇಲೆ ನನಗೆ ಸಿಟ್ಟಿತ್ತು, ಯಾಕೆಂದು ಕೇಳಬೇಡಿ, ಅವನು ಬದುಕಿದ್ದ.

"ಕೀ ನಿನ್ನ ಕೈಗೆ ಹೆಂಗ ಬಂತು?" ಎಂದೆ.

"ಸಾಹೇಬ್ರೇ ಕೊಟ್ರು, ಅಕ್ಕೋರ." ಅವನು ಈ ಕಡೆ ತಿರುಗಿದ. "ಕಲ್ಲು ಬಿದ್ದು ಅವ್ರ ಎರಡೂ ಕೈ ಅದರಡಿ ಸಿಗಬಿದ್ದಿದ್ದುವು. ಏನ್ ಮಾಡಿದ್ರೂ ಎತ್ತಾಕ ಬರಲಿಲ್ರಿ. ಏ ವೈಜನಾಥ, ಒತ್ತು, ಮೂರು ಗಿಡ್ಡ ಒಂದು ಉದ್ದ, ಅಂತ ಕಲಿಸಿದ್ರು. ನನಗ ಎಲ್ಲಿ ಬರಬೇಕ್ರಿ? ಕೈ ಥರಥರ ನಡಗತಿತ್ತು, ಒಂದಕ್ಕೊಂದು ಹೊಂದಂಗಿಲ್ಲ. ಹಂಗೇ ಬಾಯಾಗ ಶಿವನಾಮ ಬಂತು, ಕೈನೂ ಅದರ ಹಿಂದ ಹೋತು. ತಪ್ಪಾತ್ರಿ ಸಾಹೇಬ್ರ ಅಂದೆ. ಅವ್ರು ನಕ್ರು."

"ನಕ್ರು?"

"ಹೂಂ ರೀ. ಇರ್ಲಿ, ನಿನ್ನಂಗ ಒತ್ತು, ನನ್ನಂಗ ಬ್ಯಾಡ ಅಂದ್ರು. ಯಾರಿಗಿ ತಿಳೀತದ್ರಿ ಇದು ಅಂದೆ ನಾ. ಊರ್ಮಿಗಿ ತಿಳೀತದ ಅಂದ್ರು. ಮೊದಲ ನನ್ನ ಹುಡುಕ್ತಾಳ, ನಾ ಸಿಗಂಗಿಲ್ಲ. ಸಿಟ್ಟಿಗೇಳ್ತಾಳ. ಸಿಟ್ಟಿನ್ಯಾಗ ಆಕಿ ಲೆಕ್ಕ ತಪ್ಪಂಗಿಲ್ಲ. ಆಮ್ಯಾಲ ನಿನ್ನ ಹುಡುಕ್ತಾಳ, ಅಲ್ಲೀತನಾ ನಿಲ್ಲಸಬ್ಯಾಡ, ಅಂದ್ರು. ಜೀಪ್ ಬಿದ್ದ ದಿನ ಸಂಜಿ ಮುಂದ ಅವ್ರ ಮಾತು ನಿಂತುಹೋತ್ರಿ. ನಾ ಒತ್ತೂದು ಬಿಡಲಿಲ್ರಿ."

ಅವನ ಬಲಗೈ ಹಾಸಿಗೆಯ ಮೇಲಿತ್ತು, ಒಡೆದ ಬೆರಳ ತುದಿಗಳಿಗೆ ಬಟ್ಟೆ ಸುತ್ತಿದ್ದರು. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ದಿನ ಬಾರದಿದ್ದ ಅಳು ಪೂರ್ತಿ ಬರುವವರೆಗೂ ಅಲ್ಲೇ ಕೂತೆ.